ಮೂರು ಸಲ ಕೇಳುವ ಅಕ್ಕೋರು

ಈ ವರ್ಷ ಚಳಿ ಹಿಂದೆ ಸರಿಯುವ ಹೊತ್ತಿಗೆ ಗೋಕಾಕಿನ ನಮ್ಮ ಹೈಸ್ಕೂಲಿನಲ್ಲಿ ಅಕ್ಕೋರ ಬೀಳ್ಕೊಡುಗೆ ನಡೆಯಿತು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತಾರೆ. ನಮ್ಮ ಶಾಲೆಯಲ್ಲಿ ಅಂಥವರು ಆರು ಮಂದಿ ಇದ್ದರು. ಆದರೆ ಬರೀ ‘ಅಕ್ಕೋರು’ ಎಂದರೆ ಒಬ್ಬರೇ. ಉಳಿದವರಿಗೆ ಹಿಂದಿ ಅಕ್ಕೋರು, ಗಣಿತದ ಅಕ್ಕೋರು ಎಂದು ಮುಂದೊಂದು ಮಾತು ಹಚ್ಚಬೇಕಿತ್ತು. ನಮ್ಮ ಅಕ್ಕೋರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, “ನನ್ನ ಲಗ್ನಪತ್ರಿಕಿ ಅಚ್ಚು ಹಾಕಸಾಕತ್ತೀ ಏನ?” ಎಂದು ಬೈಯುತ್ತಾರೆ.

ವೇದಿಕೆಯ ಮೇಲೆ ಏಳು ಮಂದಿ ಮಾತಾಡಿದರು. ಏಳೂ ಮಂದಿ ಡೆನ್ಮಾರ್ಕಿನ ಸುದ್ದಿ ತೆಗೆದರು. ತೆಗೆಯಲೇಬೇಕು. ಕಬ್ಬಿನ ಟ್ರ್ಯಾಕ್ಟರು, ಘಟಪ್ರಭಾದ ರೈಲು ಬಿಟ್ಟು ಬೇರೇನೂ ಹತ್ತದ ಮಕ್ಕಳನ್ನು ವಿಮಾನ ಹತ್ತಿಸಿದವರು ಅಕ್ಕೋರು. ಡೆನ್ಮಾರ್ಕಿನ ಒಂದು ಸಣ್ಣ ಊರಿನ ಶಾಲೆಗೂ ನಮ್ಮ ಶಾಲೆಗೂ ಪತ್ರ ಬರೆದು ಬರೆದೇ ನಂಟು ಬೆಳೆಸಿದರು. ಅಲ್ಲಿಯ ಹತ್ತು ಮಕ್ಕಳು ಚಳಿಗಾಲದಲ್ಲಿ ನಮ್ಮಲ್ಲಿಗೆ ಬಂದು ನಮ್ಮ ಮನೆಗಳಲ್ಲೇ ಇರುವುದು, ಇಲ್ಲಿಯ ಹತ್ತು ಮಕ್ಕಳು ಮೇ ತಿಂಗಳ ಸೂಟಿಯಲ್ಲಿ ಅಲ್ಲಿಗೆ ಹೋಗಿ ಅವರ ಮನೆಗಳಲ್ಲಿ ಇರುವುದು. ನಡುವೆ ರೋಗದ ಕಾಲದ ಎರಡು ವರ್ಷ ಬಿಟ್ಟರೆ ಹನ್ನೊಂದು ತಂಡಗಳು ಹೀಗೆ ಹೋಗಿ ಬಂದಿವೆ. ಈಗ ಮೂಡಲಗಿ, ಹುಕ್ಕೇರಿಯ ಶಾಲೆಗಳೂ ಸೇರಿಕೊಂಡಿವೆ.

ಕೊನೆಗೆ ಮಾತಾಡಿದ ಹಿರಿಯರು ಹೇಳಿದರು: “ಹನ್ನೊಂದು ತಂಡ ಕಳಿಸಿದರೂ ಅಕ್ಕೋರು ತಾವು ಒಮ್ಮೆಯೂ ಹೋಗಲಿಲ್ಲ. ಅವರಿಗೆ ವಿದೇಶದ ಆಸೆಯೇ ಇರಲಿಲ್ಲ. ಅದೇ ಅವರ ದೊಡ್ಡಸ್ತಿಕೆ.”

ಚಪ್ಪಾಳೆ ಬಿತ್ತು. ಅಕ್ಕೋರು ಹೊದಿಸಿದ ಶಾಲಿನ ಅಂಚಿನ ದಾರ ಎಳೆಯುತ್ತ ಕೂತಿದ್ದರು. ನನಗೆ ಮಾತ್ರ ಉಣ್ಣುವಾಗ ಅನ್ನದಲ್ಲಿ ಹರಳು ಸಿಕ್ಕಂತಾಯಿತು. ಆಸೆ ಇರಲಿಲ್ಲ ಎಂದು ಇವರಿಗೆ ಹೇಳಿದವರು ಯಾರು?

ನಾನು ಮೊದಲನೆಯ ತಂಡದವಳು. ಮಮದಾಪುರದ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳೂ ನಾನೇ. ಬಿ.ಎಸ್ಸಿ., ಬಿ.ಎಡ್. ಎಂದು ಹೆಸರಿನ ಮುಂದೆ ಬರೆಯುವಾಗ ಇವತ್ತಿಗೂ ಕೈ ತುಸು ನಿಧಾನ ಮಾಡುತ್ತೇನೆ. ಗಡಬಡಿಸಿ ಬರೆದು ಮುಗಿಸುವಷ್ಟು ಸಲೀಸಾಗಿ ಆ ಅಕ್ಷರಗಳು ನನಗೆ ಬಂದಿಲ್ಲ. ಈಗ ಹುಕ್ಕೇರಿಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ದಿನ ಐದನೆಯ ಸಾಲಿನಲ್ಲಿ ಕೂತು ನನಗೆ ನೆನಪಾದದ್ದು ನನ್ನ ಒಂಬತ್ತನೆಯ ಇಯತ್ತೆಯ ಒಂದು ಮಧ್ಯಾಹ್ನ.

ಅಕ್ಕೋರು ನಮಗೆ ಭೂಗೋಳ ಕಲಿಸುತ್ತಿದ್ದರು. ಸೆರಗನ್ನು ಸುತ್ತಿ ಟೊಂಕಕ್ಕೆ ಸಿಗಿಸಿದರೆಂದರೆ ಪಾಠ ಶುರು. ಅವತ್ತು ಪಾಠದ ನಡುವೆ, “ಡೆನ್ಮಾರ್ಕಿಗೆ ಹೋಗೂ ಆಸೆ ಯಾರ್ಯಾರಿಗೈತಿ, ಕೈ ಎತ್ರಿ” ಎಂದರು. ಇಡೀ ತರಗತಿ ಕೈ ಎತ್ತಿತು. “ಯಾರು ಹೋಗ್ತಾರೋ ಅವರ ಮನ್ಯಾಗ ಅಲ್ಲಿಯ ಒಂದು ಹುಡುಗ ಇಲ್ಲಾ ಹುಡುಗಿ ಹತ್ತು ದಿನ ಇರಬೇಕು. ಅದ ಕರಾರು” ಎಂದ ಮೇಲೂ ಕೈಗಳು ಇಳಿಯಲಿಲ್ಲ. ನನ್ನದೊಂದು ಮೊದಲಿನಿಂದಲೂ ಎದ್ದಿರಲಿಲ್ಲ.

ಗಂಟೆ ಬಾರಿಸಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು.

“ನಿನ್ನ ಕೈ ಯಾಕ ಮ್ಯಾಲ ಹೋಗಲಿಲ್ಲವಾ?”

“ನಂಗ ಆಸೆ ಇಲ್ರಿ, ಅಕ್ಕೋರ.”

“ಹೌದ?” ಎಂದರು. ಅಷ್ಟೇ. ಹಾಜರಿ ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟರು.

ಆ ರವಿವಾರ ಮಮದಾಪುರದ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಮಂದಿಯ ಹೊಲದಲ್ಲಿ ದುಡಿಯುವವರು. ಎರಡು ಖೋಲಿಯ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ನನ್ನ ಪುಸ್ತಕದ ಚೀಲ. ಅವ್ವ ಬಾಜೂ ಮನೆಯಿಂದ ಕುರ್ಚಿ ತಂದಳು. ಅಕ್ಕೋರು ವಿಷಯ ಹೇಳಿದರು. ಪ್ರಯಾಣದ ಹೊರೆಯನ್ನು ಅಲ್ಲಿಯ ಶಾಲೆಯೂ ನಮ್ಮ ಹಳೆಯ ವಿದ್ಯಾರ್ಥಿಗಳೂ ಹೊತ್ತಿದ್ದಾರೆ, ನಿಮ್ಮ ಹುಡುಗಿಯನ್ನು ಕಳಿಸಿ ಎಂದರು. ಅಪ್ಪ ನಿಂತೇ ಇದ್ದರು.

“ಬ್ಯಾಡ್ರಿ ಅಕ್ಕೋರ. ಎರಡ ಖೋಲಿ ಮನಿ ನಮ್ದು. ಆ ಹುಡುಗಿ ಎಲ್ಲಿ ಮಲಗತೈತಿ, ಏನ ಉಣ್ಣತೈತಿ? ನಮ್ಮ ಓಣ್ಯಾಗ ನಮ್ಮೂರ ಮಂದೀನ ಉಣ್ಣಂಗಿಲ್ಲ, ಪರದೇಶದವ್ರು ಉಣ್ಣತಾರೇನ್ರಿ?”

“ಆತು ಬಿಡ್ರಿ” ಎಂದು ಅಕ್ಕೋರು ಎದ್ದು ಹೋದರು. ಇಷ್ಟು ಬೇಗ ಬಿಟ್ಟುಕೊಟ್ಟರಲ್ಲ ಎಂದು ನನಗೆ ಸಿಟ್ಟು ಬಂತು. ಆಸೆ ಇಲ್ಲ ಎಂದು ಹೇಳಿದವಳು ನಾನೇ ಎಂಬುದು ಆಗ ನೆನಪಿರಲಿಲ್ಲ.

ಮುಂದಿನ ರವಿವಾರ ಮತ್ತೆ ಬಂದರು, ಈ ಸಲ ಸರಿಯಾಗಿ ಊಟದ ಹೊತ್ತಿಗೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಿಸಿಲಿಗೆ ಬೆವತ ಮುಖ. ಕುರ್ಚಿಯ ದಾರಿ ಕಾಯದೆ ನೆಟ್ಟಗೆ ಅಡಿಗೆಮನೆಗೆ ಬಂದು ಒಲೆಯ ಹತ್ತಿರ ಅವ್ವನ ಮಗ್ಗುಲಲ್ಲಿ ನೆಲದ ಮೇಲೆ ಕೂತರು.

“ಯವ್ವಾ, ರೊಟ್ಟಿ ಆಗ್ಯಾವೇನ? ಮೂಡಲಗಿಯಿಂದ ಎರಡ ಬಸ್ ಬದಲ ಮಾಡಿ ಬಂದೇನಿ. ಹೊಟ್ಟಿ ಹಸದೈತಿ.”

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಅಪ್ಪನ ಮುಖ ನೋಡಿದಳು. ಆಮೇಲೆ ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹಾಕಿ ಮುಂದಿಟ್ಟಳು. ಅಕ್ಕೋರು ಉಂಡರು. ಅವ್ವ ಅಂಜುತ್ತಲೇ, “ಇನ್ನೊಂದು ಹಾಕ್ಲೇನ್ರಿ?” ಎಂದು ಕೇಳಿದಳು.

“ಹಾಕ” ಎಂದರು ಅಕ್ಕೋರು.

ಇದರಲ್ಲಿ ಏನು ವಿಶೇಷ ಎಂದು ಬೇರೆ ಕಡೆಯವರು ಕೇಳಬಹುದು. ನಮ್ಮ ಕಡೆ ಯಾರ ಮನೆಯಲ್ಲೂ ಮೊದಲನೆಯ ಸಲಕ್ಕೆ ಯಾರೂ ‘ಹಾಕ್ರಿ’ ಎನ್ನುವುದಿಲ್ಲ. ಎಷ್ಟೇ ಹಸಿದಿರಲಿ, ಮೊದಲು ‘ಸಾಕ್ರಿ’ ಎನ್ನಬೇಕು. ಮನೆಯವರು ಮತ್ತೆ ಕೇಳಬೇಕು. ಮತ್ತೆ ‘ಬ್ಯಾಡ್ರಿ’ ಎನ್ನಬೇಕು. ಮೂರನೆಯ ಸಲ ಅವರು ಕೇಳುವುದೇ ಇಲ್ಲ, ನೇರ ಹಾಕಿಬಿಡುತ್ತಾರೆ. ಹೀಗಲ್ಲದೆ ಉಂಡರೆ ಉಂಡವನು ಹೊಟ್ಟೆಬಾಕ, ಹೀಗಲ್ಲದೆ ಬಡಿಸಿದರೆ ಬಡಿಸಿದವಳು ಜುಗ್ಗಿ. ಅಕ್ಕೋರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಬೇರೆಯವರ ಮನೆಗಳಲ್ಲಿ ಎರಡೂ ಸಲ ‘ಸಾಕ್ರಿ’ ಎಂದದ್ದನ್ನು ನಾನೇ ಕಂಡಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಮೊದಲ ಸಲಕ್ಕೇ ‘ಹಾಕ’ ಎಂದರು. ಯಾಕೆಂದು ತಿಳಿಯಲು ನನಗೆ ವರ್ಷಗಳು ಬೇಕಾದವು. ಅವರಂಥವರ ಬಾಯಿಂದ ನಮ್ಮ ಓಣಿಯಲ್ಲಿ ‘ಸಾಕು’ ಎಂಬ ಮಾತು ಬಂದಿದ್ದರೆ ಅಪ್ಪನ ಕಿವಿಗೆ ಅದು ಸಂಕೋಚದ ಮಾತಾಗಿ ಕೇಳುತ್ತಿರಲಿಲ್ಲ.

ಅವತ್ತೂ ಅಪ್ಪ ಒಪ್ಪಲಿಲ್ಲ. ಆದರೆ ದನಿ ಇಳಿದಿತ್ತು. “ಹುಡುಗಿ ಅಂಜತಾಳ್ರಿ” ಎಂದರು.

ಮೂರನೆಯ ರವಿವಾರ ಅಕ್ಕೋರು ಹೊಸ್ತಿಲಲ್ಲೇ ಚಪ್ಪಲಿ ಬಿಡುತ್ತ ಹೇಳಿದರು: “ನೋಡ್ರಿ ಅಣ್ಣಾರ, ಮೊದಲನೇ ಬ್ಯಾಡ ಸಂಕೋಚದ್ದು. ಎರಡನೇದ್ದು ಅಂಜಿಕಿದ್ದು. ಮೂರನೇ ಸಲ ಮನಶ್ಯಾ ಏನ ಹೇಳತಾನೋ ಅದ ಖರೇದು. ಇವತ್ತೂ ಬ್ಯಾಡ ಅಂದ್ರ ನಾ ಇನ್ನೊಮ್ಮಿ ಈ ಮಾತ ತಗಿಯಂಗಿಲ್ಲ.”

ಅಪ್ಪ ನನ್ನ ಕಡೆ ತಿರುಗಿ, “ನೀ ಹೇಳ ಮಗಳ” ಎಂದರು.

“ಹೋಗ್ತೇನಿ” ಎಂದೆ. ನನ್ನ ಬದುಕಿನಲ್ಲಿ ನಾನೇ ಹೇಳಿದ ಮೊದಲ ಖರೆ ಮಾತು ಅದು.

ಮೊದಲು ಅವರು ಬಂದರು. ನಮ್ಮ ಮನೆಗೆ ಬಂದ ಹುಡುಗಿಯ ಹೆಸರು ಸೀನ. ಅವ್ವ ಎರಡನೆಯ ದಿನಕ್ಕೆ ಅವಳನ್ನು ಸೀನವ್ವ ಮಾಡಿದಳು. ನಾನು, ಸೀನ, ಅವ್ವ ಮೂವರೂ ಒಂದೇ ಖೋಲಿಯಲ್ಲಿ ಸಾಲಾಗಿ ಮಲಗಿದೆವು, ಏನೂ ಆಗಲಿಲ್ಲ. ಅಪ್ಪ ಸಂಜೆ ಹೊಲದಿಂದ ಬರುವಾಗ ಅವಳಿಗೆಂದು ಕಬ್ಬಿನ ಗಳ ತಂದು ಕಡಿದು ಕೊಡುತ್ತಿದ್ದರು.

ಆದದ್ದೇನಿದ್ದರೂ ಗೋಕಾಕಿನಲ್ಲಿ, ಕಾಳಿನ ದಲಾಲಿ ಮಾಡುವ ಅಡತಿ ಅಂಗಡಿಯವರ ದೊಡ್ಡ ಮನೆಯೊಂದರಲ್ಲಿ. ಅಲ್ಲಿ ಇಳಿದಿದ್ದ ಹುಡುಗನಿಗೆ ಆ ಮನೆಯ ಅಜ್ಜಿ, ಎಲ್ಲರೂ ಆಯಿ ಎನ್ನುವವಳು, ಹೋಳಿಗೆ ಬಡಿಸಿದಳು. ಹುಡುಗ ಎರಡು ತಿಂದು ತನ್ನ ಭಾಷೆಯಲ್ಲಿ ಸಾಕೆಂದ. ಆಯಿ ಮೂರನೆಯದು ಹಾಕಿದಳು. ಅವನು ಇಂಗ್ಲಿಷಿನಲ್ಲಿ ಸಾಕೆಂದ. ನಾಲ್ಕನೆಯದು ಬಿತ್ತು. ತಲೆ ಆಡಿಸಿದ, ಕೈ ಮುಗಿದ. “ಸಂಕೋಚ ಮಾಡ್ಕೋತೈತಿ ಕೂಸು” ಎಂದು ಆಯಿ ತುಪ್ಪ ಸುರಿದಳು. ತಾಟಿನಲ್ಲಿ ಬಿಟ್ಟರೆ ತಪ್ಪಾದೀತೆಂದು ಆ ಹುಡುಗ ಪ್ರತಿಯೊಂದನ್ನೂ ತಿಂದ. ಒಂಬತ್ತನೆಯ ಹೋಳಿಗೆಗೆ ಹೊಟ್ಟೆ ಹಿಡಿದುಕೊಂಡು ಉರುಳಾಡಿದ. ಘಟಪ್ರಭಾದ ದವಾಖಾನೆಗೆ ಒಯ್ದರು. ಡಾಕ್ಟರರು ಹೊಟ್ಟೆ ಒತ್ತಿ ನೋಡಿ, “ರೋಗ ಏನೂ ಇಲ್ರಿ. ಪ್ರೀತಿ ಭಾಳ ಆಗೈತಿ” ಎಂದರಂತೆ.

ಮರುದಿನ ಬೆಳಗ್ಗೆ ಅಕ್ಕೋರು ಆ ಹತ್ತೂ ಮಕ್ಕಳನ್ನು ಶಾಲೆಯ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ ಎಲ್ಲರ ಮುಂದೆ ಒಂದೊಂದು ಖಾಲಿ ತಾಟು ಇಡಿಸಿದರು. ತಾವೂ ಕೂತು ತೋರಿಸಿದರು: ಬಾಯಿಯಿಂದ ಹೇಳಿದ್ದು ಇಲ್ಲಿ ನಡೆಯುವುದಿಲ್ಲ. ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿಯಿರಿ, ಸ್ವಲ್ಪ ಮುಂದಕ್ಕೆ ಬಾಗಿರಿ, ಎದೆಯಿಂದ ತಾಟು ಮುಚ್ಚಿ, ನಗಿರಿ. ಆ ಮಕ್ಕಳು ಬಾಗಿ ಬಾಗಿ ಅಭ್ಯಾಸ ಮಾಡಿದರು. ಕಿಟಕಿಯಲ್ಲಿ ನಿಂತ ನಾವು ನಕ್ಕೂ ನಕ್ಕೂ ಸುಸ್ತಾದೆವು.

ನಗುವ ಸರದಿ ಮೇ ತಿಂಗಳಲ್ಲಿ ಅವರದಾಯಿತು.

ನಮ್ಮನ್ನು ಕರೆದೊಯ್ದವರು ಬೇರೆ ಇಬ್ಬರು ಶಿಕ್ಷಕರು. ಹೊರಡುವ ಮೊದಲು ಅಕ್ಕೋರು ನಮಗೆ ಎಲ್ಲ ಕಲಿಸಿದ್ದರು. ಬೆಲ್ಟು ಹೇಗೆ ಹಾಕುವುದು, ನಲ್ಲಿ ಹೇಗೆ ತಿರುವುವುದು, ಸೈಕಲ್ಲಿಗೆ ಬೇರೆ ದಾರಿ ಇರುತ್ತದೆ, ಅದರಲ್ಲಿ ನಡೆಯಬೇಡಿ, ಚಪ್ಪಲಿ ನಮ್ಮಂತೆಯೇ ಬಾಗಿಲಲ್ಲಿ ಬಿಡುತ್ತಾರೆ. ಪುಸ್ತಕ, ಇಂಟರ್ನೆಟ್ಟು ಹುಡುಕಿ ಬರೆದಿಟ್ಟುಕೊಂಡದ್ದು ಎರಡು ನೋಟುಬುಕ್ಕಿನಷ್ಟಿತ್ತು. ನಮ್ಮಲ್ಲಿ ಅರ್ಧ ಮಂದಿ ಮೊಟ್ಟೆ ಮುಟ್ಟದವರು. ಅದನ್ನೂ ಮೊದಲೇ ಅಲ್ಲಿಗೆ ಬರೆದು ತಿಳಿಸಿದ್ದರು.

ಸೀನಳ ಮನೆಯಲ್ಲಿ ಮೊದಲ ದಿನ ಆರು ಗಂಟೆಗೇ ಊಟ. ಬೆಣ್ಣೆ ಸವರಿದ ಆಲೂಗಡ್ಡೆ, ಕರಿ ಬಣ್ಣದ ಬ್ರೆಡ್ಡು, ಬಟಾಣಿ. ಅವಳ ತಾಯಿ ಎತ್ತರದ, ಮೆಲುದನಿಯ ಹೆಂಗಸು. ಒಂದು ಸಲ ಬಡಿಸಿದಳು. ನಾನು ಎರಡು ದಿನದ ಪ್ರಯಾಣದ ಹಸಿವಿನವಳು, ಬೇಗನೆ ಮುಗಿಸಿದೆ. ಇನ್ನೂ ಬೇಕೇ ಎಂದು ಕೇಳಿದಳು. ನಾನು ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, “ನೋ, ಥ್ಯಾಂಕ್ಯೂ” ಎಂದು ತಲೆ ತಗ್ಗಿಸಿ ಕೂತೆ. ಎರಡನೆಯ ಸಲ ಕೇಳುವುದನ್ನು ಕಾಯುತ್ತಿದ್ದೆ.

ತಲೆ ಎತ್ತಿದಾಗ ಬಡಿಸುವ ಬಟ್ಟಲು ಇರಲಿಲ್ಲ.

ಮರುದಿನವೂ ಹಾಗೇ. ಅಲ್ಲಿ ಮೇ ತಿಂಗಳಲ್ಲಿ ಒಂಬತ್ತಾದರೂ ಹೊತ್ತು ಮುಳುಗುವುದಿಲ್ಲ. ಆ ಬಿಸಿಲಿನಲ್ಲಿ ಪರದೆ ಎಳೆದು ಮಲಗಿ ನಾನು ಅವ್ವನ ರೊಟ್ಟಿಯ ಹೆಡಿಗೆ ನೆನೆಸಿಕೊಂಡೆ. ಮೂರನೆಯ ದಿನ ಶಾಲೆಯ ಅಂಗಳದಲ್ಲಿ ನಾವು ಹತ್ತೂ ಮಂದಿ ಸೇರಿದಾಗ ಎಲ್ಲರ ಮುಖವೂ ಒಣಗಿತ್ತು.

“ನಿಮ್ಮ ಮನ್ಯಾಗ?” ಎಂದೆ.

“ಒಮ್ಮಿ ಕೇಳಿದ್ರು, ಫ್ರಿಜ್ಜಿನ ಬಾಗಲಾ ಹಾಕಿದ್ರು.”

“ನಮ್ಮವ್ರು ಭಾಳ ಚಲೋ ಮಂದಿ. ಆದ್ರ ಉಪಾಸ ಕೆಡವತಾರ.”

ಮೂಡಲಗಿಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಒಬ್ಬಳು, ಆ ಮನೆಯವರಿಗೆ ಕೊಡಲೆಂದು ತಂದಿದ್ದ ಕರದಂಟಿನ ಪೊಟ್ಟಣ ತಾನೇ ತಿಂದು ಮುಗಿಸಿ ಅಳುತ್ತಿದ್ದಳು.

ಜೊತೆಗೆ ಬಂದ ಶಿಕ್ಷಕರು ನನ್ನ ಕೈಗೆ ಫೋನು ಕೊಟ್ಟರು. ಮೂಡಲಗಿಯಲ್ಲಿ ಅಕ್ಕೋರು ಎತ್ತಿದರು. “ಅಕ್ಕೋರ, ಇವ್ರು ಒಮ್ಮೀನ ಕೇಳತಾರ್ರಿ. ಆಮ್ಯಾಲ ಎತ್ತಿಟ್ಟಬಿಡತಾರ್ರಿ” ಎಂದೆ. ಆ ಕಡೆಯಿಂದ ನಗು. ನಗು ನಿಂತ ಮೇಲೆ ಅವರ ದನಿ ಬೇರೆಯಾಗಿತ್ತು.

“ತಪ್ಪ ನಂದವಾ. ಇಷ್ಟೆಲ್ಲಾ ಕಲಿಸಿದೆ, ‘ಹೂಂ’ ಅನ್ನೂದ ಕಲಿಸಲಿಲ್ಲ. ಇವತ್ತಿಂದ ಮೊದಲನೇ ಸಲಕ್ಕ ಹೂಂ ಅನ್ರಿ. ನಾಚಬ್ಯಾಡ್ರಿ. ಅವರಿಗೆ ನಿಮ್ಮ ಮೊದಲನೇ ಮಾತ ಖರೇದು.”

ಅವತ್ತು ಸಂಜೆ ನಾನು ಹೂಂ ಎಂದೆ. ಸೀನಳ ತಾಯಿಯ ಮುಖ ಅರಳಿದ್ದು ನೋಡಿ ನನಗೆ ತಿಳಿಯಿತು: ಎರಡು ದಿನ ಅವಳೂ ತನ್ನ ಅಡಿಗೆ ನನಗೆ ಸೇರಲಿಲ್ಲವೆಂದು ಕೊರಗಿದ್ದಳು.

ಅಕ್ಕೋರು ಅಷ್ಟಕ್ಕೇ ಬಿಡುವವರಲ್ಲ. ಆ ವಾರವೇ ಅಲ್ಲಿಯ ಹತ್ತೂ ಮನೆಗಳಿಗೆ ಕೈಯಿಂದ ಒಂದೊಂದು ಕಾಗದ ಬರೆದು ಟಪಾಲಿಗೆ ಹಾಕಿದರು. ನಮ್ಮ ಮಕ್ಕಳು ಬೇಡವೆಂದರೆ ನಂಬಬೇಡಿ, ದಯಮಾಡಿ ಮೂರು ಸಲ ಕೇಳಿ ಎಂದು. ಇತ್ತ ಮುಂದಿನ ತಂಡಕ್ಕೆ ಹೂಂ ಅನ್ನುವ ಪಾಠವನ್ನೂ ಶುರು ಮಾಡಿದರು. ತಾವೇ ರೊಟ್ಟಿ ಬಡಿಸಿ ಒಂದೇ ಸಲ ಕೇಳುವುದು. ‘ಸಾಕ್ರಿ’ ಎಂದವರ ತಾಟು ಎತ್ತಿಬಿಡುವುದು. ಎರಡೂ ಕೂಡಿ ಏನಾಗಬೇಕೋ ಅದಾಯಿತು. ನಮ್ಮವರು ಮೊದಲನೆಯ ಸಲಕ್ಕೇ ಹೂಂ, ಅವರು ಮೂರು ಸಲ ಕೇಳದೆ ಬಿಡುವವರಲ್ಲ. ಎರಡನೆಯ ತಂಡದವರು ಮರಳಿ ಬಂದಾಗ ಯಾರ ಅಂಗಿಯ ಗುಂಡಿಯೂ ಹತ್ತುತ್ತಿರಲಿಲ್ಲ.

ಅಕ್ಕೋರ ಮೂರು ಸಲದ ಕಾಯಿದೆ ಬರೀ ರೊಟ್ಟಿಗೆ ಇರಲಿಲ್ಲ. ಲೆಕ್ಕ ಬರುವುದಿಲ್ಲ ಎಂದವನನ್ನು ಮೂರು ಸಲ ಕೇಳುತ್ತಿದ್ದರು. ಶಾಲೆ ಬಿಡುತ್ತೇನೆ ಎಂದವಳ ಮನೆಗೆ ಮೂರು ಸಲ ಹೋಗುತ್ತಿದ್ದರು. ಬರೀ ಕೇಳುವುದು, ಬುದ್ಧಿಮಾತು ಹೇಳುತ್ತಿರಲಿಲ್ಲ. ಪಿಯುಸಿ ಮುಗಿದ ಮೇಲೆ ಅಪ್ಪ, “ಇನ್ನ ಸಾಕ್ರಿ ಕಲ್ತದ್ದು” ಎಂದಾಗಲೂ ಮೂರು ರವಿವಾರ ಎರಡು ಬಸ್ಸು ಬದಲಿಸಿ ಬಂದರು. ನನ್ನ ಬಿ.ಎಸ್ಸಿ. ಮೂರನೆಯ ರವಿವಾರದ್ದು.

ಅವರ ಖೋಲಿಯಲ್ಲೊಂದು ಹಳೆಯ ಪೃಥ್ವಿಗೋಲವಿತ್ತು. ವರ್ಷವರ್ಷವೂ ಹೊಸ ತಂಡಕ್ಕೆ ದಾರಿ ತೋರಿಸುವಾಗ ಬೆರಳು ಘಟಪ್ರಭಾದಲ್ಲಿ ಹೊರಟು ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ನಿಂತು ನಿಂತು ಡೆನ್ಮಾರ್ಕಿನ ಜಾಗದಲ್ಲಿ ಬಣ್ಣ ಹೋಗಿ ಬೆಳ್ಳಗಾಗಿತ್ತು. ಮರಳಿ ಬಂದವರನ್ನು ಕೂರಿಸಿಕೊಂಡು ಕೇಳುತ್ತಿದ್ದರು: ಗಾಳಿ ಹೆಂಗಿತ್ತು? ಸಮುದ್ರದ ವಾಸನಿ ಮನೀತನಕಾ ಬರತೈತೇನ? ಒಂಬತ್ತ ಗಂಟಿ ಬಿಸಲಿನ್ಯಾಗ ಹಕ್ಕಿ ಮಲಗತಾವೇನ? ಪರೀಕ್ಷೆಯಲ್ಲಿ ಯಾರೂ ಕೇಳದ ಪ್ರಶ್ನೆಗಳು. ಅವರು ಯಾಕೆ ಕೇಳುತ್ತಿದ್ದಾರೆಂದು ನಾವು ಒಬ್ಬರೂ ಯೋಚಿಸಲಿಲ್ಲ.

ಬೀಳ್ಕೊಡುಗೆ ಮುಗಿದು ಮಂದಿ ಚದುರಿದ ಮೇಲೆ ನಾನು ಹಿಂದೆ ಉಳಿದೆ. ಶಾಲೆಯ ಹಳೆಯ ಸಿಪಾಯಿ ಕಾಕಾ ಕುರ್ಚಿ ಮಡಚುತ್ತಿದ್ದರು. ಅವರು ತಾವೇ ಮಾತು ತೆಗೆದರು.

“ಆಸೆ ಇರಲಿಲ್ಲ ಅಂದ್ರಲ್ಲ ಮೈಕಿನ್ಯಾಗ, ಸುಳ್ಳ ಐತಿ ತಂಗಿ.”

“ನಿಮಗ ಹೆಂಗ ಗೊತ್ತು, ಕಾಕಾ?”

“ನಾ ಅಲ್ಲೇ ಚಹಾ ಕೊಡಾಕತ್ತಿದ್ನಿ. ನಿಮ್ಮ ತಂಡದ ಸಲುವಾಗಿ ಆವಾಗಿನ ಹೆಡ್‌ಮಾಸ್ತರು ಕೇಳಿದ್ರು, ‘ಅಕ್ಕೋರ, ಮಕ್ಕಳ ಜೋಡಿ ನೀವು ಹೋಗ್ತೀರೇನ್ರಿ?’ ಅಂತ. ಅಕ್ಕೋರು ಅಂದ್ರು, ‘ಬ್ಯಾಡ ಬಿಡ್ರಿ ಸರ್, ಬ್ಯಾರೇರು ಹೋಗ್ಲಿ.’ ಅವರು ‘ಆತ್ರಿ’ ಅಂತ ಬ್ಯಾರೆ ಹೆಸರು ಬರದ್ರು. ಮುಂದಿನ ವರ್ಷ ಯಾರೂ ಕೇಳಲಿಲ್ಲ. ಅವರಿಗೆ ಬ್ಯಾಡಂತ, ಅಂತ ಮಾತಾತು. ಚಹಾಕ್ಕ ಎರಡ ಸಲ ಕೇಳತೇವಿ ನಾವು. ಡೆನ್ಮಾರ್ಕಿಗೆ ಒಂದ ಸಲ ಕೇಳಿದ್ರು.”

ನಾನು ಅಲ್ಲೇ ಒಂದು ಕುರ್ಚಿಯ ಮೇಲೆ ಕೂತೆ. ನಮ್ಮನ್ನೆಲ್ಲ ಪಾಸ್‌ಪೋರ್ಟ್ ಮಾಡಿಸಲು ಹುಬ್ಬಳ್ಳಿಗೆ ಕರೆದೊಯ್ದ ದಿನ ನೆನಪಾಯಿತು. ಅವತ್ತು ಅಕ್ಕೋರು ತಮ್ಮದೂ ಒಂದು ಅರ್ಜಿ ತುಂಬಿದ್ದರು. “ನೀವು ಅಂಜಬಾರದಂತ ನಾನೂ ಫೋಟೋ ತಗಸ್ಕೊಂಡೆ” ಎಂದಿದ್ದರು. ನಾವು ನಂಬಿದ್ದೆವು. ಅಲ್ಲಿಂದ ಹದಿಮೂರು ವರ್ಷ, ನಾನೂ ಒಮ್ಮೆಯೂ ಕೇಳಲಿಲ್ಲ. ಒಂದು ಸಲವೂ.

ಈ ವರ್ಷದ ತಂಡದಲ್ಲಿ ಹುಕ್ಕೇರಿಯ ನಾಲ್ಕು ಹುಡುಗಿಯರಿದ್ದರು. ಕರೆದೊಯ್ಯುವವಳು ನಾನು, ಜೊತೆಗೆ ಒಬ್ಬ ಹಿರಿಯ ಹೆಣ್ಣುಮಗಳು ಬೇಕಿತ್ತು. ಮುಖ್ಯೋಪಾಧ್ಯಾಯರಲ್ಲಿ ಕೇಳಿ ಆ ಜಾಗ ಖಾಲಿ ಇಡಿಸಿ ರವಿವಾರ ಮೂಡಲಗಿಗೆ ಹೋದೆ. ಅಕ್ಕೋರ ಯಜಮಾನರು ಬೆಲ್ಲದ ವ್ಯಾಪಾರದವರು, ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ನಾನು ವಿಷಯ ಹೇಳಿದೆ.

“ನಂಗ್ಯಾಕವಾ? ಮೊಣಕಾಲ ನೋಯ್ತಾವು. ಬ್ಯಾರೇರನ್ನ ಕರಕೊಂಡ ಹೋಗ” ಎಂದರು.

“ಆತ್ರಿ” ಎಂದು ಚಹಾ ಕುಡಿದು ಎದ್ದೆ. ಬಾಗಿಲತನಕ ಬಂದವರು ನನ್ನನ್ನೇ ನೋಡುತ್ತಿದ್ದರು. ಬಸ್ ಸ್ಟ್ಯಾಂಡಿನವರೆಗೂ ನನಗೆ ಕಾಲು ಮುಂದೆ ಹೋಗಲಿಲ್ಲ. ಆದರೆ ಅವರು ಕಲಿಸಿದ ಪದ್ಧತಿಯಂತೆ ನಡೆಯಬೇಕಿತ್ತು.

ಎರಡನೆಯ ರವಿವಾರ ಊಟದ ಹೊತ್ತಿಗೆ ಹೋದೆ. “ರೊಟ್ಟಿ ಆಗ್ಯಾವೇನ್ರಿ?” ಎಂದು ನೆಟ್ಟಗೆ ಅಡಿಗೆಮನೆಗೆ ನಡೆದೆ. ಅವರ ತುಟಿಯಂಚಿನಲ್ಲಿ ನಗು ಕಂಡಿತು. ಉಣ್ಣುತ್ತ ಮತ್ತೆ ಕೇಳಿದೆ. ಈ ಸಲ ಮೊಣಕಾಲಿನ ಮಾತು ಬರಲಿಲ್ಲ. ತವೆಯ ಮೇಲಿನ ರೊಟ್ಟಿ ತಿರುವುತ್ತ ಹೇಳಿದರು:

“ಇಷ್ಟ ವರ್ಷ ಪುಸ್ತಕಾ ನೋಡಿ, ನಿಮ್ಮನ್ನ ಕೇಳಿ, ಹಿಂಗೈತಿ ಹಂಗೈತಿ ಅಂತ ಕಲಿಸೇನಿ. ಹೋಗಿ ನೋಡಿದ ಮ್ಯಾಲ ನಾ ಹೇಳಿದ್ದೆಲ್ಲಾ ತಪ್ಪಂತ ಗೊತ್ತಾದ್ರ? ಬ್ಯಾಡವಾ. ಆ ಗೋಲದ ಮ್ಯಾಲ ಇದ್ದದ್ದ ಚಲೋ ಐತಿ.”

ಅಂಜಿಕೆಯದ್ದು ಎಂದುಕೊಂಡೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮೂರನೆಯ ರವಿವಾರ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದೆ: “ಮೊದಲನೇ ಬ್ಯಾಡ ಸಂಕೋಚದ್ದು, ಎರಡನೇದ್ದು ಅಂಜಿಕಿದ್ದು. ಇವತ್ತೂ ಬ್ಯಾಡ ಅಂದ್ರ ನಾ ಇನ್ನೊಮ್ಮಿ ಈ ಮಾತ ತಗಿಯಂಗಿಲ್ರಿ, ಅಕ್ಕೋರ.”

“ನನ್ನ ಮಾತ ನನಗ ತಿರುಗಸ್ತೀ ಏನ?” ಎಂದರು. ಸಿಟ್ಟೋ ನಗುವೋ ತಿಳಿಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಇವತ್ತು ಬೇಡವೆಂದರೆ ಅದು ಖರೇ. ಮತ್ತೆ ಕೇಳುವ ಹಕ್ಕು ನನಗಿರಲಿಲ್ಲ.

“ಪಾಸ್‌ಪೋರ್ಟಿನ ಅವಧಿ ಮುಗಿದಿರಬೇಕ್ರಿ. ಹೊಸಾದು ಮಾಡಸಾಕ ದಿನಾ ಬೇಕಾಗ್ತಾವು. ಅದಕ್ಕ ಇವತ್ತ ಹೇಳ್ರಿ” ಎಂದೆ.

ಅಕ್ಕೋರು ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸದ್ದು ಬಂತು. ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಸುತ್ತಿದ್ದನ್ನು ತಂದು ನನ್ನ ಕೈಗೆ ಕೊಟ್ಟರು. ಎರಡಿದ್ದವು. ಒಂದು ಹುಬ್ಬಳ್ಳಿಯದು, ಮೂಲೆ ಕತ್ತರಿಸಿದ್ದು. ಹಾಳೆ ತಿರುವಿ ನೋಡಿದೆ. ಹತ್ತು ವರ್ಷದಲ್ಲಿ ಒಂದು ಠಸ್ಸೆಯೂ ಬಿದ್ದಿರಲಿಲ್ಲ. ಇನ್ನೊಂದು ಹೊಸದು, ಮೂರು ವರ್ಷದ ಹಿಂದೆ ಮಾಡಿಸಿದ್ದು.

“ಹಳೇದು ಮುಗೀತು. ಸುಮ್ಮ ಹೊಸಾದ ಮಾಡಸಿದೆ” ಎಂದರು, ಗೋಡೆ ನೋಡುತ್ತ. “ಇರ್ಲಿ ಅಂತ.”

ಪೇಪರಿನ ಹಿಂದಿನಿಂದ ಯಜಮಾನರ ದನಿ ಬಂತು: “ಪ್ರತಿ ವರ್ಷ ದಸರಾದ ಖಂಡೇನವಮಿಗೆ ನಾ ತಕ್ಕಡಿಗೆ ಪೂಜಾ ಮಾಡತೇನಿ, ಆಕಿ ಅದಕ್ಕ ಮಾಡತಾಳ. ಕರಕೊಂಡ ಹೋಗವಾ. ಹತ್ತ ದಿನ ನಾ ಏನ ಉಪಾಸ ಸಾಯಂಗಿಲ್ಲ.”

“ನೀವು ಸುಮ್ಮ ಕುಂಡರ್ರಿ” ಎಂದರು ಅಕ್ಕೋರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಣ್ಣ ದನಿಯಲ್ಲಿ, “ಅಲ್ಲಿ ಮೇದಾಗ ಸ್ವೆಟರ್ ಬೇಕಾಗತೈತೇನ?” ಎಂದು ಕೇಳಿದರು. ಹನ್ನೊಂದು ತಂಡಗಳಿಗೆ ಅದರ ಉತ್ತರ ಹೇಳಿಕೊಟ್ಟವರು ಅವರೇ.

ಮೇ ತಿಂಗಳಲ್ಲಿ ಹೋದೆವು. ವಿಮಾನದಲ್ಲಿ ಕಿಟಕಿಯ ಜಾಗ ಅವರಿಗೆ ಬಿಟ್ಟೆ. ಇಡೀ ದಾರಿ ಅವರು ಹೊರಗೇ ನೋಡುತ್ತ ಕೂತರು. ಇಳಿದ ಮೇಲೆ ಮೊದಲು ಹೇಳಿದ್ದು, “ಗಾಳಿ ವಾಸನಿ ನೀವು ಹೇಳಿದಂಗ ಐತಿ.” ಇನ್ನೊಂದೆರಡು ಅವರು ಕಲಿಸಿದಂತೆ ಇರಲಿಲ್ಲ. ಅವನ್ನು ನೋಟುಬುಕ್ಕಿನಲ್ಲಿ ಹೊಡೆದು ಹಾಕಿ ತಿದ್ದಿ ಬರೆದುಕೊಂಡರು. ಅಂಜಿದಷ್ಟೇನೂ ನೊಂದುಕೊಳ್ಳಲಿಲ್ಲ.

ನಮ್ಮಿಬ್ಬರನ್ನು ಇಟ್ಟುಕೊಂಡವರು ಸೀನಳ ತಾಯಿ. ಸೀನ ಬೇರೆ ಊರಲ್ಲಿ ಕೆಲಸದಲ್ಲಿದ್ದಾಳೆ. ತಾಯಿಯ ಕೂದಲು ಬೆಳ್ಳಗಾಗಿದೆ. ಅಡಿಗೆಮನೆಯೊಳಗೆ ಕಾಲಿಟ್ಟ ಅಕ್ಕೋರು ಫ್ರಿಜ್ಜಿನ ಮುಂದೆ ನಿಂತುಬಿಟ್ಟರು. ಅದರ ಬಾಗಿಲಿಗೆ ಮಾಸಿ ಹಳದಿಯಾದ ಒಂದು ಕಾಗದ ಅಂಟಿಸಿತ್ತು. ಅವರದೇ ಅಕ್ಷರ. ದಯಮಾಡಿ ಮೂರು ಸಲ ಕೇಳಿ.

ಆರು ಗಂಟೆಗೆ ಊಟಕ್ಕೆ ಕೂತೆವು. ಹೊರಗೆ ನಡುಮಧ್ಯಾಹ್ನದಂಥ ಬಿಸಿಲು. ಬೆಣ್ಣೆಯ ಆಲೂಗಡ್ಡೆ, ಕರಿ ಬ್ರೆಡ್ಡು, ಬಟಾಣಿ. ಅಕ್ಕೋರು ಸಾವಕಾಶ ಉಂಡು ಮುಗಿಸಿದರು. ಸೀನಳ ತಾಯಿ ಬಟ್ಟಲು ಹಿಡಿದು, ಇನ್ನೂ ಸ್ವಲ್ಪ ಬೇಕೇ ಎಂದು ಕೇಳಿದಳು.

“ನೋ, ಥ್ಯಾಂಕ್ಯೂ” ಎಂದರು ಅಕ್ಕೋರು.

ನೂರಕ್ಕಿಂತ ಹೆಚ್ಚು ಮಕ್ಕಳಿಗೆ ಹೂಂ ಅನ್ನಲು ಕಲಿಸಿದವರು.

ಆ ಹೆಂಗಸು ಬಟ್ಟಲು ಇಳಿಸಲಿಲ್ಲ. ಎರಡನೆಯ ಸಲ ಕೇಳಿದಳು. ಅಕ್ಕೋರು ನಕ್ಕು, ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದು ಮುಂದಕ್ಕೆ ಬಾಗಿದರು. ಅದರ ಅರ್ಥ ಆ ಮನೆಗೆ ಗೊತ್ತಿತ್ತು. ಸೀನ ಗೋಕಾಕಿನಿಂದ ಕಲಿತು ಬಂದಿದ್ದಳು. ತಾಯಿ ಒಂದು ಗಳಿಗೆ ತಡೆದಳು. ಫ್ರಿಜ್ಜಿನ ಬಾಗಿಲ ಕಡೆ ನೋಡಿದಳು. ಆಮೇಲೆ ಚಮಚೆಯನ್ನು ಆ ಕೈಗಳ ಮೇಲೆ ಹಾಗೇ ಹಿಡಿದು, ಮೆಲುದನಿಯಲ್ಲಿ, ಮೂರನೆಯ ಸಲ ಕೇಳಿದಳು.

ಅಕ್ಕೋರು ಮೊದಲು ಒಂದು ಕೈ ತೆಗೆದರು. ಸ್ವಲ್ಪ ಹೊತ್ತಿಗೆ ಇನ್ನೊಂದು.

“ಹಾಕ” ಎಂದರು.